ಅಕ್ಕಾರ

"ನೀವಿಲ್ದ ನಂಗ ಜೀವನಾನೇ ಇಲ್ರಿ, ಅಕ್ಕಾರ."

ಕೊನೆಯಲ್ಲಿ ಇರಬೇಕಾದದ್ದು 'ಪ್ರಿಯೆ'. ಕೊಂಕಲ್ ಊರಿನವರು ಆಡಿದ ನಾಟಕದ ಹೀರೋ ದೇವಿಂದ್ರನ ಬಾಯಲ್ಲಿ ಬಂದದ್ದು 'ಅಕ್ಕಾರ'. ಏಳನೇ ಇಯತ್ತೆಗೇ ಸಾಲಿ ಬಿಟ್ಟು ಪಂಕ್ಚರ್ ಅಂಗಡಿ ಹಿಡಿದವನು. ಹಾರ್ಮೋನಿಯಂ ಮಾಸ್ತರ ಲಾಡ್ಲೇಸಾಬ ಹೇಳಿಕೊಟ್ಟದ್ದನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿದ್ದ. ಸುರಪುರದಿಂದ ಕರೆಸಿದ್ದ ನಾಯಕಿ ಶಾಂಭವಿಯನ್ನು ತಾಲೀಮಿನುದ್ದಕ್ಕೂ ಅಕ್ಕಾರ ಎಂದೇ ಕರೆದಿದ್ದ. ಬೇರೆ ಏನೆಂದಾದರೂ ಕರೆದರೆ ಎದೆಯೊಳಗಿನದು ಹೊರಗೆ ಬಿದ್ದೀತೆಂಬ ಅಂಜಿಕೆ.

ಜನ ಬಿದ್ದು ಬಿದ್ದು ನಕ್ಕರು. ಮೊಬೈಲುಗಳು ಎದ್ದವು. ಶಾಂಭವಿ ಸೆರಗನ್ನು ಬಾಯಿಗೊತ್ತಿ ಓರೆಗಣ್ಣಿನಲ್ಲಿ ನೋಡಿ, "ತಮ್ಮಾ, ಮದ್ಲ ರಾಖಿ ಕಟ್ಟಲೇನು?" ಅಂದಳು. ಚಪ್ಪಾಳೆ ಬಿತ್ತು, ಸೀನು ಉಳಿಯಿತು.

ಪರದೆಯ ಹಿಂದೆ ಹೋದದ್ದೇ ದೇವಿಂದ್ರ ಉರಿದುಬಿದ್ದ.

"ದಿನಕ್ಕೊಬ್ಬನ ಕೂಡ ಪ್ರೀತಿ ಆಡಾಕಿಗೆ ನಾಚಿಕಿ ಅಂದ್ರೇನ್ ಗೊತ್ತು?"

ಕಾಡಿಗೆ ಒರೆಸಿಕೊಳ್ಳುತ್ತಿದ್ದ ಅವಳ ಕೈ ನಿಂತಿತು. ಮುಂದಿನ ಸೀನಿನಲ್ಲಿ ಅದೇ ನಗು ನಕ್ಕು ಅವನ ಕೈ ಹಿಡಿದಳು. ಕೈ ಮಾತ್ರ ತಣ್ಣಗಿತ್ತು.

ಮರುದಿನ ಗಾಳಿ ಹಾಕಿಸಲು ಬಂದವರೆಲ್ಲ "ಏನ್ ಅಕ್ಕಾರ" ಎಂದು ಕಾಡಿದರು. ಅದು ಅವನಿಗೆ ತಾಕಲಿಲ್ಲ. ತಾನಾಡಿದ ಮಾತೇ ಮೈ ಸುಡುತ್ತಿತ್ತು. ಅಂಗಡಿ ಮುಚ್ಚಿ, ಬೈಕ್ ಹತ್ತಿ ವಡಗೇರಾ ಬಸ್ ನಿಲ್ದಾಣಕ್ಕೆ ಹೋದ.

ಶಾಂಭವಿ ಬಸ್ಸಿಗೆ ಕಾಯುತ್ತ ಟ್ರಂಕಿನ ಮೇಲೆ ಕೂತು ಬಜಿ ತಿನ್ನುತ್ತಿದ್ದಳು. ಕಿವಿಯ ಅಂಚಿನಲ್ಲಿ ಬಣ್ಣ ಇನ್ನೂ ಹೋಗಿರಲಿಲ್ಲ.

"ಜಗಳ ಇನ್ನೂ ಉಳದದೇನ್ರಿ, ಹೀರೋ?"

"ಇಲ್ರಿ. ನೀವು ನನ್ನ ಮಾನ ಉಳಿಸಿದ್ರಿ. ನಾ ನಿಮ್ಮದು ಕಳದೆ." ತಲೆ ಎತ್ತಲಾಗಲಿಲ್ಲ.

"ಆ ಮಾತು ನಂಗ ಹೊಸಾದಲ್ರಿ," ಅಂದಳು. "ಹೋದಲ್ಲೆಲ್ಲಾ ಕೇಳ್ತೀನಿ. ನಿಮ್ಮ ಬಾಯಾಗ ಬರ್ತದಂತ ಅನ್ಕೊಂಡಿರ್ಲಿಲ್ಲ. ನಿಮ್ಮನ್ನ ಬಿಟ್ರ ಯಾವ ಊರಾಗೂ ನಂಗ ಅಕ್ಕಾರ ಅಂತ ಯಾರೂ ಕರದಿಲ್ಲ."

ಅಷ್ಟರಲ್ಲಿ ಬಸ್ಸು ಬಂತು. ಅವನು ಟ್ರಂಕ್ ಎತ್ತಿ ಒಳಗಿಟ್ಟು, ಇಳಿದು ಅವಳು ಕೂತ ಕಿಟಕಿಯ ಕೆಳಗೆ ನಿಂತ.

"ಸ್ಟೇಜಿನ ಮ್ಯಾಲ ಅಂದಿದ್ದು ಖರೇನ ಅದ್ರಿ. ಕಡೀ ಪದ ಒಂದ ತಪ್ಪಿತ್ತು."

ಶಾಂಭವಿ ಕಿಟಕಿಯಿಂದ ಬಗ್ಗಿ ನೋಡಿದಳು. ಕಣ್ಣಂಚಿನಲ್ಲಿ ಆ ತುಂಟತನ ಮರಳಿತು.

"ಸೋಮವಾರ ವನದುರ್ಗದಾಗ ನಮ್ಮ ನಾಟಕ ಅದ. ಮುಂದ ಕುಂಡ್ರಿ. ಆ ಪದ ಕಲ್ತು ಬರ್ರಿ."

"ಪ್ರಿಯೆ ಅಂತೇನ್ರಿ?"

"ಥೂ, ಅದು ನಾಟಕದ್ದು. ನಂಗೊಂದು ಹೆಸರಿಲ್ಲೇನು?"

ಬಸ್ಸು ಹೊರಟಿತು. ಧೂಳಿನಲ್ಲಿ ನಿಂತು ದೇವಿಂದ್ರ ಒಬ್ಬನೇ ತಾಲೀಮು ಮಾಡಿದ.

"ಶಾಂಭವಿ."

ಬಜಿ ಕರಿಯುತ್ತಿದ್ದ ಮುದುಕಿ ತಿರುಗಿ ನೋಡಿದಳು. ಅವನು ಕಿವಿ ತನಕ ಕೆಂಪಾಗಿ ಬೈಕಿಗೆ ಕಿಕ್ ಹೊಡೆದ.