ಹದ್ದಿನಬಂಡೆಗೆ ಇಳಿದವರು

ರಣಹದ್ದಿನ ಗೂಡಿನಲ್ಲಿ ಮರಿ ಇದೆ ಎಂದು ತೋರಿಸಬೇಕು. ಸೋಮವಾರದೊಳಗೇ ತೋರಿಸಬೇಕು. ಅನುಸೂಯ ಮತ್ತು ರೂತ್ ತಮ್ಮ ಹೆಗಲಿಗೆ ತಾವೇ ಏರಿಸಿಕೊಂಡ ಕೆಲಸ ಇದು. ಮಾಡಕೂಡದು ಎಂದು ಪ್ರೊಫೆಸರ್ ಹೋಲ್ಟ್ ಅವರು ಊಟದ ಮೇಜಿನ ಮುಂದೆ ಎಲ್ಲರೆದುರಿಗೇ ಹೇಳಿದ್ದರು.

ಅದು ೧೯೭೨ರ ಜನವರಿ. ಹೋಲ್ಟ್ ಅವರ ಜೊತೆ ಅಮೆರಿಕದ ಒಂದು ಕಾಲೇಜಿನ ವಿದ್ಯಾರ್ಥಿಗಳು ಉಷ್ಣವಲಯದ ಜೀವಶಾಸ್ತ್ರ ಕಲಿಯಲೆಂದು ದಾಬಸ್‌ಪೇಟೆಯ ಹತ್ತಿರದ ಹಳೇ ಬಂಗಲೆಯೊಂದರಲ್ಲಿ ಬಿಡಾರ ಹೂಡಿದ್ದರು. ಅವರಿಗೆ ಕೋಣೆಯಲ್ಲಿ ಕೂತು ಕೇಳುವ ಪಾಠ ಇರಲಿಲ್ಲ. ಕೆರೆ, ಕುರುಚಲು ಕಾಡು, ಬಂಡೆಗುಡ್ಡಗಳಲ್ಲೇ ಏಪ್ರಿಲ್‌ವರೆಗೆ ಓದು. ಬೆಂಗಳೂರಿನ ಕಾಲೇಜುಗಳಿಂದ ಕೆಲವು ಬಿ.ಎಸ್ಸಿ. ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡಿದ್ದರು. ನಂದಗುಡಿಯ ರೈತರ ಮನೆ ಹುಡುಗಿ ಅನುಸೂಯ ಅವರಲ್ಲೊಬ್ಬಳು. ಗುರುತು ಪರಿಚಯ ಇಲ್ಲದವರ ಜೊತೆ ಮಗಳನ್ನು ಒಬ್ಬಳೇ ಕಳಿಸುವುದಿಲ್ಲ ಎಂದು ಅಪ್ಪ ಹಟ ಹಿಡಿದಾಗ, ಚಿಕ್ಕಮ್ಮ ಪಿಳ್ಳಮ್ಮ ಕಾವಲಿಗೆಂದು ಕಂಬಳಿ ಸುತ್ತಿಕೊಂಡು ಜೊತೆಗೆ ಬಂದಿದ್ದಳು.

ಬಂಗಲೆಯಿಂದ ಕಾಣುವ ಹದ್ದಿನಬಂಡೆ ಎಂಬ ಗುಡ್ಡದಲ್ಲಿ ರಣಹದ್ದುಗಳು ಗೂಡು ಕಟ್ಟುತ್ತವೆ ಎಂದು ಸುತ್ತಲಿನವರೆಲ್ಲ ಹೇಳುತ್ತಿದ್ದರು. ಆ ಗುಡ್ಡವನ್ನು ಒಬ್ಬ ಕಂಟ್ರಾಕ್ಟರು ಕಲ್ಲು ಒಡೆಯಲು ಗುತ್ತಿಗೆ ಹಿಡಿದಿದ್ದ. ಗೂಡಿನಲ್ಲಿ ಮರಿ ಇರುವ ಫೋಟೋ ತಂದುಕೊಟ್ಟರೆ ಅವು ಹಾರುವವರೆಗೆ ಕೆಲಸ ನಿಲ್ಲಿಸುತ್ತೇನೆ, ಇಲ್ಲದಿದ್ದರೆ ಸೋಮವಾರ ಅಪ್ಪಣೆ ಕೊಡದೆ ನನಗೆ ಬೇರೆ ದಾರಿಯಿಲ್ಲ ಎಂದು ತಹಸೀಲ್ದಾರರು ಹೇಳಿ ಕಳಿಸಿದ್ದರು.

ಪ್ರೊಫೆಸರು ಹುಡುಗರನ್ನು ಕಳಿಸಿದರು. ಅವರು ಅರ್ಧ ದಿನ ಬಂಡೆಯ ನೆತ್ತಿಯ ಮೇಲೆ ಅಡ್ಡಾಡಿ ಬಂದು, ಗೂಡುಗಳೆಲ್ಲ ಹಳೆಯವು, ಖಾಲಿ ಎಂದರು. ಅನುಸೂಯ ಒಪ್ಪಲಿಲ್ಲ. ಕೆಳಗಿನಿಂದ ನೋಡಿದಾಗ ಬಂಡೆಯ ಪಡುವಲ ಮುಖದಲ್ಲಿ ಹಿಕ್ಕೆಯ ಬಿಳಿ ಪಟ್ಟೆ ಹಸಿಯಾಗಿ ಹೊಳೆಯುತ್ತಿತ್ತು. ಆ ಪಟ್ಟೆಯ ಮೇಲಿನ ಪೊಟರೆಯನ್ನು ಇಳಿದು ನೋಡಿದಿರಾ ಎಂದು ಕೇಳಿದಳು. ಅಲ್ಲಿಗೆ ಇಳಿಯಲಿಲ್ಲ ಎಂದರು ಹುಡುಗರು. ಹಾಗಾದರೆ ನಾವಿಬ್ಬರು ಇಳಿಯುತ್ತೇವೆ ಎಂದಳು ರೂತ್. ಉದ್ದ ಕಾಲಿನ, ಮಾತು ಕಡಿಮೆಯ ಆ ಅಮೆರಿಕದ ಹುಡುಗಿಯ ಕೊರಳಿನಿಂದ ಕ್ಯಾಮೆರಾ ಇಳಿಯುತ್ತಲೇ ಇರಲಿಲ್ಲ.

ಹಗ್ಗದ ಕೆಲಸ ಹೆಣ್ಣುಮಕ್ಕಳಿಗಲ್ಲ, ನಿಮಗೆ ಕೆರೆಯ ಕಪ್ಪೆಗಳನ್ನು ಕೊಟ್ಟಿದ್ದೇನಲ್ಲ ಎಂದರು ಪ್ರೊಫೆಸರು. ಹಗ್ಗವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ನಾಳೆ ಭಾನುವಾರ," ಎಂದಳು ರೂತ್. "ನಾಳೆ ನಾವು ನಿಮ್ಮ ವಿದ್ಯಾರ್ಥಿಗಳಲ್ಲ."

ಪಿಳ್ಳಮ್ಮನನ್ನು ಒಪ್ಪಿಸುವುದು ಕಷ್ಟ ಎಂದುಕೊಂಡಿದ್ದರು. ಅವಳು ಮೊದಲು ಬೈದಳು. ಕೈಕಾಲು ಮುರಿದುಕೊಂಡರೆ ನಿಮ್ಮಪ್ಪನಿಗೆ ಏನು ಹೇಳಲಿ ಎಂದಳು. ಆಮೇಲೆ, ಆ ಮೇಷ್ಟ್ರು ಅಷ್ಟು ಹೊತ್ತು ಇಂಗ್ಲಿಷಿನಲ್ಲಿ ಏನು ಅಂತಿದ್ದರು ಎಂದು ಕೇಳಿದಳು. ಹೆಂಗಸರ ಕೈಲಿ ಹಗ್ಗ ನಿಲ್ಲಲ್ಲ ಅಂದ್ರು ಎಂದಳು ಅನುಸೂಯ.

ಪಿಳ್ಳಮ್ಮ ಗಂಡ ಸತ್ತ ಮೇಲೆ ಬಾವಿಗೆ ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತಿ, ಎತ್ತು ಮಾರಿದ ಮೇಲೆ ಕೈಯಲ್ಲೇ ನೀರು ಸೇದಿ ತರಕಾರಿ ಬೆಳೆದವಳು.

"ಹಂಗಂದ್ನಾ?" ಎಂದಳು. ಎದ್ದು ಪಕ್ಕದ ತೋಟದ ಅಪ್ಪಯ್ಯಣ್ಣನ ಹತ್ತಿರ ಹೋಗಿ, ಬಾವಿಯ ದಪ್ಪ ಹಗ್ಗವನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದಳು.

ಬೆಳಗಿನ ಮಂಜು ಕರಗುವ ಮೊದಲೇ ಮೂವರೂ ಹೊರಟರು. ರಾಗಿ ಕೊಯ್ದ ಹೊಲಗಳಲ್ಲಿ ಕೂಳೆ ಒದ್ದೆಯಾಗಿತ್ತು. ಹೊಲ ಮುಗಿದ ಮೇಲೆ ಕಾರೆ, ಲಂಟಾನ, ಜಾಲಿ ಒಂದಕ್ಕೊಂದು ಹೆಣೆದುಕೊಂಡ ಕುರುಚಲು. ಅದರೊಳಗೆ ಕುರಿಗಳು ಮಾಡಿದ ಸಣ್ಣ ದಾರಿಯಲ್ಲಿ ಬಾಗಿಕೊಂಡೇ ನಡೆದರು. ನವಿಲೊಂದು ಕೂಗಿ ಪೊದೆಯಿಂದ ಪೊದೆಗೆ ಓಡಿತು. ಕುರುಚಲು ದಾಟಿದರೆ ಬರೀ ಬಂಡೆ. ಆನೆಯ ಬೆನ್ನಿನಂತೆ ನುಣ್ಣಗೆ, ಬೂದು ಬಣ್ಣಕ್ಕೆ, ಮಳೆನೀರು ಹರಿದ ಕಡೆ ಕಪ್ಪು ಗೆರೆಗಳು. ಪಿಳ್ಳಮ್ಮ ಬರಿಗಾಲಲ್ಲಿ ಸಲೀಸಾಗಿ ಏರಿದಳು. ರೂತ್ ತನ್ನ ಬೂಟು ಬಿಚ್ಚಿ ಕೊರಳಿಗೆ ಕಟ್ಟಿಕೊಂಡು ಅವಳ ಹಾಗೇ ಹತ್ತಿದಳು. ನೆತ್ತಿಗೆ ಬಂದು ನೋಡಿದಾಗ ತೆಂಕಲಿಗೆ ನೆಲಮಂಗಲದ ರಸ್ತೆಯ ಮೇಲೆ ಲಾರಿಗಳು ಇರುವೆಗಳಂತೆ ಹರಿಯುತ್ತಿದ್ದವು. ತಲೆಯ ಮೇಲೆ ಮಾತ್ರವಲ್ಲ, ಅವರ ಕಾಲ ಕೆಳಗೂ ರಣಹದ್ದುಗಳು ರೆಕ್ಕೆ ಬಡಿಯದೆ ತೇಲುತ್ತಿದ್ದವು.

ಮೂಡಲ ಮೂಲೆಯಲ್ಲಿ ಉಳಿಯ ಸದ್ದು ಕೇಳಿತು. ಕಂಟ್ರಾಕ್ಟರನ ಮೇಸ್ತ್ರಿ ಜವರಪ್ಪ ಆಳುಗಳ ಕೈಲಿ ಸಿಡಿಮದ್ದು ತುಂಬಲು ಕುಳಿ ಹೊಡೆಸುತ್ತಿದ್ದ. ಅಪ್ಪಣೆಯೇ ಬಂದಿಲ್ಲವಲ್ಲ ಎಂದು ಅನುಸೂಯ ಕೇಳಿದಾಗ, ಕಲ್ಲು ಹೇಗೆ ಬಿರಿಯುತ್ತದೆ ಎಂದು ನೋಡಲು ಎರಡು ಮದ್ದು ಹಾರಿಸು ಅಂತ ಸಾಹುಕಾರರು ಹೇಳಿದ್ದಾರೆ ಎಂದ. ನೀವು ಇಳಿಯುವುದು ಪಡುವಲ ಕಡೆ, ಅಲ್ಲಿಗೆ ಒಂದು ಚೂರು ಕಲ್ಲೂ ಬರುವುದಿಲ್ಲ, ಬೇಗ ಮುಗಿಸಿಕೊಳ್ಳಿ ಎಂದ. ಆ ಕಡೆಯ ಬಂಡೆಗೆ ಕಟ್ಟಿದ್ದ ಜೇನಿನ ವಿಷಯ ಅವನಿಗೂ ಹೊಳೆಯಲಿಲ್ಲ, ಇವರಿಗೂ ಹೊಳೆಯಲಿಲ್ಲ.

ಬಂಡೆಯ ಸೀಳಿನಲ್ಲಿ ಬೇರೂರಿದ್ದ ಗೋಣಿಮರಕ್ಕೆ ಪಿಳ್ಳಮ್ಮ ಹಗ್ಗ ಬಿಗಿದಳು. ಹಗ್ಗ ಉಜ್ಜಿ ಸವೆಯದಂತೆ ಅಂಚಿನಲ್ಲಿ ಕಂಬಳಿ ಮಡಿಸಿ ಇಟ್ಟಳು. ಅನುಸೂಯ ಲಂಗದ ಮೇಲೆ ಅಪ್ಪನ ಹಳೇ ಷರಟು ತೊಟ್ಟು, ನಡುವಿಗೆ ಹಗ್ಗ ಸುತ್ತಿಕೊಂಡು ಮೊದಲು ಇಳಿದಳು.

ಬಂಡೆ ಪೂರ್ತಿ ನೆಟ್ಟಗಿರಲಿಲ್ಲ. ಕಾಲೂರಲು ಅಲ್ಲಲ್ಲಿ ಬಿರುಕುಗಳಿದ್ದವು. ಕೆಳಗೆ ನೋಡಬಾರದು ಎಂದುಕೊಂಡರೂ ನೋಡಿದಳು. ತಾಳೆಮರಗಳು ಪೊರಕೆಕಡ್ಡಿಯಂತೆ ಕಂಡವು. ಹುಡುಗರು ಇದನ್ನು ನೋಡಿಯೇ ಹಿಂದಿರುಗಿರಬೇಕು ಎನಿಸಿತು. ಆ ಯೋಚನೆಯೇ ಅವಳನ್ನು ಮುಂದಕ್ಕೆ ಇಳಿಸಿತು.

ಪೊಟರೆಯ ಜಗಲಿಗೆ ಕಾಲಿಟ್ಟಾಗ ಕೊಳೆತ ಮಾಂಸದ ನಾತ ಮುಖಕ್ಕೆ ಹೊಡೆಯಿತು. ದೊಡ್ಡ ಹದ್ದೊಂದು ಧಪ್ಪನೆ ಗಾಳಿಗೆ ಬಿತ್ತು. ಕಡ್ಡಿ, ಎಲೆ, ಉಣ್ಣೆ ಹರಡಿದ ಗೂಡಿನ ನಡುವೆ, ಬೂದಿ ಬಣ್ಣದ ನವಿರು ಪುಕ್ಕ ಹೊದ್ದ ಮರಿ ಕುಳಿತಿತ್ತು.

ಅವಳು ಹಗ್ಗವನ್ನು ಜಗ್ಗಿ ಸನ್ನೆ ಮಾಡಿದಳು. ಸ್ವಲ್ಪ ಹೊತ್ತಿನಲ್ಲಿ ರೂತ್ ಅದೇ ಹಗ್ಗ ಹಿಡಿದುಕೊಂಡು ಪಕ್ಕಕ್ಕೆ ಬಂದಿಳಿದಳು. ಮರಿಯನ್ನು ಕಂಡು ಅನುಸೂಯಳ ಭುಜ ಹಿಡಿದು ಅದುಮಿದಳು. ಆಮೇಲೆ ಕ್ಯಾಮೆರಾ ಕಣ್ಣಿಗೆ ಹಿಡಿದು ಒಂದರ ಮೇಲೊಂದು ಫೋಟೋ ತೆಗೆದಳು.

ಆಗಲೇ ಬಂಡೆ ಒಳಗಿನಿಂದ ನಡುಗಿತು.

ಮದ್ದಿನ ಸದ್ದು ಬೆಟ್ಟದಿಂದ ಬೆಟ್ಟಕ್ಕೆ ಉರುಳಿ ಹೋಯಿತು. ಕಲ್ಲು ಬೀಳಲಿಲ್ಲ. ಆದರೆ ಅವರ ತಲೆಯ ಪಕ್ಕದ ಕಮಾನಿನಲ್ಲಿ ಕಪ್ಪು ಮೊರಗಳಂತೆ ನೇತಾಡುತ್ತಿದ್ದ ಹೆಜ್ಜೇನು ಗೂಡುಗಳು ಅಲುಗಿದವು.

ಒಂದು ಗೂಡು ಬಿಚ್ಚಿಕೊಂಡಿತು. ಇನ್ನೊಂದು. ಗಾಳಿಯೇ ಗುಂಯ್‌ಗುಟ್ಟಿತು.

ರೂತ್‌ಳ ಹಣೆಗೆ ಮೊದಲ ಮುಳ್ಳು. ಅನುಸೂಯಳ ಕತ್ತಿಗೆ, ಕಿವಿಗೆ, ತುಟಿಗೆ.

"ಚಿಕ್ಕಮ್ಮಾ, ಜೇನು! ಓಡು!"

ಮೇಲೆ ಪಿಳ್ಳಮ್ಮ ಅಂಚಿನಿಂದ ಬಗ್ಗಿ ನೋಡಿದಳು. ಓಡಲಿಲ್ಲ. ಹಗ್ಗದಡಿ ಇಟ್ಟಿದ್ದ ಕಂಬಳಿಯನ್ನು ಸರಕ್ಕನೆ ಎಳೆದು ಕೆಳಕ್ಕೆ ಬಿಟ್ಟಳು. ಅದು ಬಂಡೆಗೆ ತಾಗಿಕೊಂಡು ಜಾರಿ ಬಂತು. ಅನುಸೂಯ ಜಗಲಿಯಿಂದ ಅರ್ಧ ಮೈ ಚಾಚಿ ಅದರ ತುದಿ ಹಿಡಿದಳು. ರೂತ್ ಅವಳ ನಡುವಿನ ಹಗ್ಗ ಹಿಡಿದು ಒಳಕ್ಕೆಳೆದಳು.

ಇಬ್ಬರೂ ಪೊಟರೆಯ ಮೂಲೆಯಲ್ಲಿ ಮುದುರಿ ಕಂಬಳಿ ಹೊದ್ದರು. ಮರಿಯೂ ಅದರೊಳಗೇ ಸೇರಿಹೋಯಿತು. ಹೆದರಿದ ಮರಿ ತಿಂದಿದ್ದನ್ನೆಲ್ಲ ರೂತ್‌ಳ ಮಡಿಲಿಗೆ ಕಕ್ಕಿತು. ಅವಳು ಮಿಸುಕಲಿಲ್ಲ. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಕ್ಯಾಮೆರಾವನ್ನು ಮಾತ್ರ ಅಂಗಿಯೊಳಗೆ ತುರುಕಿ ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದಳು. ಅಲುಗಾಡಬೇಡ, ಮೆಲ್ಲಗೆ ಉಸಿರಾಡು ಎಂದು ಅನುಸೂಯ ಹೇಳುತ್ತಲೇ ಇದ್ದಳು. ಹಾಗೆ ಹೇಳುವುದರಿಂದ ಅವಳಿಗೂ ಧೈರ್ಯ ಬರುತ್ತಿತ್ತು. ಚಿಕ್ಕಮ್ಮ ಏನಾದಳೋ ಎಂಬ ಸಂಕಟ ಮಾತ್ರ ಮುಳ್ಳಿಗಿಂತ ಹೆಚ್ಚಾಗಿ ಚುಚ್ಚುತ್ತಿತ್ತು.

ಪಿಳ್ಳಮ್ಮ ಸೆರಗನ್ನು ತಲೆ, ಮುಖಕ್ಕೆ ಸುತ್ತಿ ಮರದ ಬುಡದಲ್ಲಿ ಬೋರಲು ಬಿದ್ದಿದ್ದಳು. ಆಳುಗಳು ದೂರ ಓಡಿದ್ದರು. ಜವರಪ್ಪ ಹೊಗೆಯಾಡುವ ಹುಲ್ಲಿನ ಕಂತೆ ಹಿಡಿದು ಅವಳಿರುವಲ್ಲಿಗೆ ಬಂದ. ಅಮ್ಮ, ಎದ್ದು ಬನ್ನಿ, ಜೇನು ಇಳಿದ ಮೇಲೆ ಬಂದು ನೋಡೋಣ, ಇಲ್ಲಿದ್ದರೆ ಸಾಯ್ತೀರಿ ಎಂದ.

"ಮಕ್ಕಳು ಕೆಳಗವ್ರೆ. ನಾನು ಎಲ್ಲಿಗೂ ಬರಕಿಲ್ಲ," ಎಂದಳು ಪಿಳ್ಳಮ್ಮ. "ಆ ಇನ್ನೊಂದು ಕುಳಿಗೆ ಬೆಂಕಿ ಇಕ್ಕುದ್ರೆ ನಿನ್ನ ಸುಮ್ಕೆ ಬಿಡಾಕಿಲ್ಲ ಕಣಪ್ಪ."

ಜವರಪ್ಪ ಹೋಗಿ ಎರಡನೇ ಕುಳಿಯ ಬತ್ತಿ ಕಿತ್ತು ಎಸೆದು ಮತ್ತೆ ಬಂದ. ಅವಳ ಪಕ್ಕದಲ್ಲೇ ಕೂತು ಹೊಗೆ ಹಾಕಿದ.

ಬಿಸಿಲು ಪಡುವಲಕ್ಕೆ ವಾಲಿದಾಗ ಜೇನು ಮತ್ತೆ ಕಮಾನಿಗೆ ಸೇರಿತು. ಮೊದಲು ರೂತ್ ಹಗ್ಗವನ್ನು ನಡುವಿಗೆ ಸುತ್ತಿಕೊಂಡು ಹತ್ತಿದಳು. ಅವಳು ನೆತ್ತಿ ಮುಟ್ಟುವಷ್ಟರಲ್ಲಿ, ಕಂಬಳಿ ಇಲ್ಲದ ಅಂಚಿಗೆ ಉಜ್ಜಿ ಹಗ್ಗದ ಒಂದು ಎಳೆ ಪಟ್ಟನೆ ಹರಿಯಿತು.

ಕೆಳಗೆ ಇನ್ನೂ ಅನುಸೂಯ ಇದ್ದಳು.

ಪಿಳ್ಳಮ್ಮ ಹರಿದ ಭಾಗವನ್ನು ಅಂಚಿನಿಂದ ಮೇಲಕ್ಕೆಳೆದು ಬಿಗಿಯಾಗಿ ಗಂಟು ಹಾಕಿದಳು. ರೂತ್ ತನ್ನ ಬೂಟುಗಳನ್ನು ಅಂಚಿನಲ್ಲಿ ಅಡಿಮೇಲಾಗಿ ಇಟ್ಟು, ಹಗ್ಗ ಅವುಗಳ ಮೇಲೆ ಓಡುವಂತೆ ಮಾಡಿದಳು. ಹಗ್ಗ ಮತ್ತೆ ಕೆಳಗಿಳಿಯಿತು.

ಅನುಸೂಯ ಕಂಬಳಿಯನ್ನು ಬೆನ್ನಿಗೆ ಕಟ್ಟಿಕೊಂಡು ಬಿರುಕಿಗೆ ಬೆರಳು ತೂರಿಸಿದಳು. ಒಂದು ಹೆಜ್ಜೆ. ಇನ್ನೊಂದು. ನಡುವೆ ಕಾಲು ಜಾರಿತು. ಮೈಯೆಲ್ಲ ಹಗ್ಗಕ್ಕೆ ಜೋತುಬಿತ್ತು.

ಗಂಟು ತಡೆಯಿತು. ಮೇಲೆ ಮೂರು ಜೊತೆ ಕೈಗಳು ತಡೆದವು.

"ಕಾಲು ಊರು, ಅನ್ಸೂಯ," ಎಂದಿತು ಚಿಕ್ಕಮ್ಮನ ದನಿ. "ನಾವು ಹಿಡ್ಕಂಡಿದ್ದೀವಿ. ನೀನು ಬಾ."

ಅವಳು ಬಂದಳು. ಅಂಚು ದಾಟಿ ಬಂಡೆಯ ಮೇಲೆ ಮುಖವಿಟ್ಟು ಮಲಗಿದಾಗ, ಪಿಳ್ಳಮ್ಮ ಅವಳ ಬೆನ್ನಿಗೆ ಒಂದು ಗುದ್ದು ಗುದ್ದಿ, ಆಮೇಲೆ ಎಳೆದು ಅಪ್ಪಿಕೊಂಡಳು. ಪಿಳ್ಳಮ್ಮನ ಮುಖ ಗುರುತು ಸಿಗದಷ್ಟು ಊದಿಕೊಂಡಿತ್ತು.

ಜವರಪ್ಪನೇ ಅವರನ್ನು ಎತ್ತಿನ ಗಾಡಿಯಲ್ಲಿ ರಸ್ತೆಯವರೆಗೆ ತಂದು ಬಿಟ್ಟ. ದಾಬಸ್‌ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ಮುಳ್ಳು ಕಿತ್ತು, ಸೂಜಿ ಚುಚ್ಚಿ, ಒಂದು ರಾತ್ರಿ ಇಲ್ಲೇ ಇರಿ ಎಂದರು. ಪಿಳ್ಳಮ್ಮ ಇದ್ದಳು. ಹುಡುಗಿಯರು ಇರಲಿಲ್ಲ. ಕೊನೆಯ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಪರಿಚಯದ ಸ್ಟುಡಿಯೋದವನ ಮನೆ ಬಾಗಿಲು ತಟ್ಟಿ ಫಿಲ್ಮ್ ತೊಳೆಸಿ ಫೋಟೋ ಹಾಕಿಸಿದರು.

ಸೋಮವಾರ ಬೆಳಿಗ್ಗೆ ಊದಿದ ಮುಖ, ಹದ್ದಿನ ನಾತದ ಬಟ್ಟೆಯಲ್ಲೇ ನೆಲಮಂಗಲದ ತಹಸೀಲ್ದಾರರ ಕಚೇರಿಗೆ ಬಂದರು. ಬಾಗಿಲಲ್ಲಿ ಪ್ರೊಫೆಸರ್ ಹೋಲ್ಟ್ ಅವರೇ ಸಿಕ್ಕರು. ರಾತ್ರಿಯೆಲ್ಲ ಹುಡುಕಾಡಿದ ಸಿಟ್ಟಿನಲ್ಲಿದ್ದರು. ನಿಮ್ಮನ್ನು ಮನೆಗೆ ಕಳಿಸಬೇಕಾಗುತ್ತದೆ ಎಂದರು. ಕಳಿಸಿ, ಮೊದಲು ಇದನ್ನು ಒಳಗೆ ಕೊಟ್ಟು ಬರುತ್ತೇವೆ ಎಂದು ಅನುಸೂಯ ಫೋಟೋ ತೋರಿಸಿದಳು. ಪ್ರೊಫೆಸರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಹಗ್ಗ ಯಾರು ಹಿಡಿದಿದ್ದರು ಎಂದಷ್ಟೇ ಕೇಳಿದರು.

"ನನ್ನ ಚಿಕ್ಕಮ್ಮ," ಎಂದಳು ಅನುಸೂಯ.

ಅವರು ಪಕ್ಕಕ್ಕೆ ಸರಿದು ಬಾಗಿಲು ಬಿಟ್ಟರು. ತಹಸೀಲ್ದಾರರು ತಮ್ಮ ಮಾತಿನಂತೆ ಕೆಲಸ ನಿಲ್ಲಿಸಿದರು. ಹುಡುಗಿಯರನ್ನು ಯಾರೂ ಮನೆಗೆ ಕಳಿಸಲಿಲ್ಲ. ಮುಂದಿನ ವಾರದಿಂದ ಹಗ್ಗದ ಬೀರುವಿಗೆ ಬೀಗವೂ ಬೀಳಲಿಲ್ಲ.

ರೂತ್ ತನ್ನ ದೇಶಕ್ಕೆ ಹೊರಡುವ ಮೊದಲು, ಏಪ್ರಿಲ್‌ನ ಒಂದು ಬೆಳಿಗ್ಗೆ, ಮೂವರೂ ಗುಡ್ಡದ ಬುಡದಲ್ಲಿ ನಿಂತಿದ್ದರು. ಪೊಟರೆಯ ಅಂಚಿಗೆ ಬಂದ ಮರಿ ಬಹಳ ಹೊತ್ತು ಗಾಳಿ ನೋಡಿತು. ರೆಕ್ಕೆ ಬಿಚ್ಚಿತು, ಮುಚ್ಚಿತು. ಕೊನೆಗೆ ಕಲ್ಲು ಬಿದ್ದಂತೆ ಬಿತ್ತು. ತಾಳೆಮರಗಳ ಮೇಲೆ ಬಂದಾಗ ಗಾಳಿ ಅದನ್ನು ಎತ್ತಿಕೊಂಡಿತು. ಅದು ಅಡ್ಡಾದಿಡ್ಡಿಯಾಗಿ, ಆದರೂ ಮೇಲಕ್ಕೇ ಹೋಯಿತು.

ಪಿಳ್ಳಮ್ಮ ಕತ್ತು ನೋಯುವವರೆಗೆ ನೋಡಿದಳು.

"ಸರಿ, ನಡೀರಿ," ಎಂದಳು. "ಹಿಟ್ಟಿಗೆ ಎಸರಿಕ್ಕಬೇಕು."