ಮೇಡಮ್ ಪಾರ್ಟು

"ನಾನು ಮಾಡಲ್ಲ!"

ನಿವೇದಿತಾ ಸ್ಕ್ರಿಪ್ಟನ್ನು ಬೀಸಿ ಒಗೆದಳು. ಹಾಳೆಗಳು ಸ್ಟೇಜಿನ ತುಂಬ ಚೆಲ್ಲಾಪಿಲ್ಲಿಯಾದವು. ಸ್ಕೂಲ್ ಹಾಲ್‌ನಲ್ಲಿ ಕೂತಿದ್ದ ಇಯರ್ ಸಿಕ್ಸ್ ಕ್ಲಾಸಿನ ಮಕ್ಕಳೆಲ್ಲ ಬಾಯಿ ತೆರೆದುಕೊಂಡು ನೋಡಿದರು.

"ನಿವಿ, ಪ್ಲೀಸ್," ಎಂದರು ಮಿಸ್ ಹಾರ್ಪರ್. "ರೋಸಿ ಎಷ್ಟು ಒಳ್ಳೆಯ ಪಾರ್ಟ್ ಗೊತ್ತಾ? ಆ ಫೀಲಿಂಗ್ ನಿನಗೆ ಚೆನ್ನಾಗಿ ಬರುತ್ತೆ."

"ನನಗೇ ಯಾಕೆ ಚೆನ್ನಾಗಿ ಬರುತ್ತೆ, ಮಿಸ್?"

ಮಿಸ್ ಹಾರ್ಪರ್ ಕೆನ್ನೆ ಕೆಂಪಗಾಯಿತು. ಬಗ್ಗಿ ಹಾಳೆಗಳನ್ನು ಆಯತೊಡಗಿದರು.

ಕಾರಣ ಎಲ್ಲರಿಗೂ ಕಾಣುತ್ತಿತ್ತು. ದೊಡ್ಡ ಮನೆಯ ಮೇಡಮ್ ಯಾರು? ಒಲಿವಿಯಾ. ಪೊಲೀಸು, ಜಡ್ಜು, ಮೇಡಮ್ ಗಂಡ ಯಾರು? ಎಲ್ಲ ಬಿಳಿ ಹುಡುಗರು. ಆ ಮನೆಯಲ್ಲಿ ಪಾತ್ರೆ ತಿಕ್ಕುವ ರೋಸಿ ಯಾರು? ನಿವೇದಿತಾ. ರೋಸಿಯ ಅಕ್ಕ? ನಿವೇದಿತಾಳ ಜೀವದ ಗೆಳತಿ ಟಿಯಾನಾ. ಟಿಯಾನಾಳ ಅಜ್ಜ ಜಮೈಕಾದಿಂದ ಬಂದವರು. ಸ್ಟೇಜಿನ ಒಂದು ಕಡೆ ಬಿಳಿಯರು, ಇನ್ನೊಂದು ಕಡೆ ಉಳಿದವರು.

ನಾಟಕ ಬರೆದವರು ಮಿಸೆಸ್ ಸಾಲಮನ್ಸ್. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಬೆಳೆದು, ಈಗ ಇದೇ ಊರಿನ ಎಜ್‌ಬಾಸ್ಟನ್‌ನಲ್ಲಿರುವ ಮುದುಕಿ. ಅವರ ನಾಟಕಗಳೆಲ್ಲ ಒಂದು ಕೆಟ್ಟ ಕಾಲದ ಕತೆಗಳು. ಚರ್ಮದ ಬಣ್ಣ ನೋಡಿ ಬೆಂಚು ಬೇರೆ, ಬಸ್ಸು ಬೇರೆ, ಓಣಿ ಬೇರೆ ಮಾಡಿದ್ದ ಕಾಲ. ಆ ಕಾನೂನು ಹೊಸ್ತಿಲು ದಾಟಿ ಮನೆಮನೆಯೊಳಗೂ ಬಂದು ಕೂತಿದ್ದ ಕಾಲ.

ಅಂಥ ನಾಟಕದ ಪಾರ್ಟನ್ನೇ ಬಣ್ಣ ನೋಡಿ ಹಂಚುವುದೇ! ನಿವೇದಿತಾಳಿಗೆ ಅಂಗಾಲಿನ ಉರಿ ನೆತ್ತಿಗೇರಿತು. ಆಡಿಷನ್‌ನಲ್ಲಿ ಮೇಡಮ್ ಮಾತನ್ನು ಅವಳು ಒಂದೂ ತಪ್ಪಿಲ್ಲದೆ ಒಪ್ಪಿಸಿದ್ದಳು. ಒಲಿವಿಯಾ ತಡವರಿಸಿದ್ದಳು. ಅದನ್ನು ಎಲ್ಲರೂ ಕೇಳಿದ್ದರು.

ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಹತ್ತಿದ ಸಿಟ್ಟು, ಸಟನ್ ಕೋಲ್ಡ್‌ಫೀಲ್ಡ್‌ನ ಮನೆ ಮುಟ್ಟುವಷ್ಟರಲ್ಲಿ ಧಾರವಾಡದ ಕನ್ನಡಕ್ಕೆ ತಿರುಗಿತ್ತು.

"ಮಮ್ಮಿ, ನನಗ ಕೆಲಸದಾಕಿ ಪಾರ್ಟ್ ಕೊಟ್ಟಾರ!"

ಅಜ್ಜಿ ಸೋಫಾದಿಂದಲೇ ಗುಡುಗಿದರು. "ಏನಂದಿ? ಬಾಂಡೆ ತಿಕ್ಕಾಕ ಕಳಿಸೀವೇನು ನಿನ್ನ ಸಾಲಿಗೆ?"

"ನೀವು ಸುಮ್ನಿರ್ರಿ ಅತ್ತಿ," ಎಂದಳು ಅಮ್ಮ. ಅವಳ ಕಣ್ಣೂ ಕೆಂಪಾಗಿತ್ತು. "ಬಣ್ಣಾ ನೋಡಿ ಪಾರ್ಟ್ ಕೊಡ್ತಾರಂತ? ಇದು ರೇಸಿಸಂ ಅಲ್ಲದ ಮತ್ತೇನು? ನಾಳೆ ನಾನ ಬರ್ತೀನಿ. ನೋಡ್ತೀನಿ ಅವರನ್ನ."

ಅಮ್ಮ ನೋಡಿಯೇ ಬಿಟ್ಟಳು. ಮಿಸ್ ಹಾರ್ಪರ್ ಅವಳ ಮಾತು ಪೂರ್ತಿ ಕೇಳಿದರು, ಮನಸ್ಸಿನಿಂದಲೇ ಸಾರಿ ಕೇಳಿದರು. ನಿವೇದಿತಾ ಮೇಡಮ್ ಆದಳು. ಒಲಿವಿಯಾ ಪಕ್ಕದ ಮನೆಯ ಹೆಂಗಸಾದಳು. ರೋಸಿಯ ಪಾರ್ಟು ಟಿಯಾನಾಗೆ ಹೋಯಿತು.

"ಕಂಗ್ರಾಟ್ಸ್," ಎಂದಳು ಟಿಯಾನಾ. ಗೆದ್ದ ಖುಷಿಯಲ್ಲಿ ನಿವೇದಿತಾ ಅವಳ ಮುಖ ನೋಡಲಿಲ್ಲ.

ಮುಂದಿನ ವಾರದ ರಿಹರ್ಸಲ್‌ಗೆ ಮಿಸೆಸ್ ಸಾಲಮನ್ಸ್ ಅವರೇ ಬಂದರು. ಎರಡು ಬಸ್ಸು ಬದಲಿಸಿ ಬಂದು ಸುಸ್ತಾಗಿದ್ದರು. ಮುಂದಿನ ಸಾಲಿನಲ್ಲಿ ಊರುಗೋಲು ಹಿಡಿದು ಕೂತರು.

ಅಂದಿನ ಸೀನಿನಲ್ಲಿ ರೋಸಿ ಕೆಲಸ ಮುಗಿಸಿದ್ದಾಳೆ. ಮೇಡಮ್ ಅವಳಿಗೆ ತಗಡಿನ ಮಗ್‌ನಲ್ಲಿ ಚಹಾ ಕೊಡಬೇಕು. ಸ್ಕ್ರಿಪ್ಟ್‌ನಲ್ಲಿ ಇದ್ದದ್ದು ಇಷ್ಟೇ. ಆಡಿಷನ್‌ನಲ್ಲಿ ಒಲಿವಿಯಾ ಗದರಿಸಿ ಮಗ್ಗನ್ನು ಟೇಬಲ್ಲಿಗೆ ಕುಕ್ಕಿದ್ದಳು.

ನಿವೇದಿತಾ ಗದರಿಸಲಿಲ್ಲ. ನಕ್ಕಳು. ಟಿಯಾನಾ ಕೈ ಚಾಚಿದಳು. ನಿವೇದಿತಾ ಮಗ್ಗನ್ನು ಆ ಕೈಗೆ ಕೊಡದೆ ಟೇಬಲ್ಲಿನ ಅಂಚಿಗಿಟ್ಟು, ಒಂದೇ ಬೆರಳಿನಿಂದ ಮುಂದಕ್ಕೆ ತಳ್ಳಿದಳು.

"ಕುಡಿ ಡಿಯರ್," ಎಂದಳು ಸಕ್ಕರೆಯಂಥ ದನಿಯಲ್ಲಿ. "ಸಂಕೋಚ ಬೇಡ."

"ನಿಲ್ಲಿಸಿ!"

ಮಿಸೆಸ್ ಸಾಲಮನ್ಸ್ ಎದ್ದು ನಿಂತಿದ್ದರು.

"ಆ ನಗು. ಆ ಬೆರಳು. ಅದನ್ನ ನಾನು ಬರೆದಿಲ್ಲ."

"ಸಾರಿ," ಎಂದಳು ನಿವೇದಿತಾ, ಹೆದರಿ.

"ಸಾರಿ ಬೇಡ. ರೋಸಿ ನನ್ನಮ್ಮ. ಆ ಮನೆಯವಳು ಅಮ್ಮನಿಗೆ ಚಹಾ ಇಡುತ್ತಿದ್ದದ್ದು ಥೇಟ್ ಹೀಗೇ. ಎಷ್ಟು ಸಲ ಬರೆದು ಹರಿದು ಹಾಕಿದೆನೋ, ನನಗದು ಕಾಗದದ ಮೇಲೆ ಬರಲೇ ಇಲ್ಲ." ಅವರ ಕಣ್ಣಲ್ಲಿ ಈಗಲೂ ಆರದ ಸಿಟ್ಟಿತ್ತು. "ನಿನಗೆ ಯಾರು ಹೇಳಿಕೊಟ್ಟರು, ಮಗು?"

ನಿವೇದಿತಾ ಟಿಯಾನಾಳ ಕಡೆ ನೋಡಿದಳು. ಟಿಯಾನಾ ಮಗ್ಗನ್ನೇ ದಿಟ್ಟಿಸುತ್ತಿದ್ದಳು.

ಆಗ ಶನಿವಾರಗಳು ನೆನಪಾದವು. ಟಿಯಾನಾ ಆಡಲು ಮನೆಗೆ ಬರುತ್ತಿದ್ದ ಶನಿವಾರಗಳು. ಅಮ್ಮ ಮಂಡಕ್ಕಿಯ ಗಿರಮಿಟ್ಟು ತರುತ್ತಿದ್ದಳು. ನಿವೇದಿತಾಳದು ಸ್ಟೀಲ್ ತಟ್ಟೆ. ಟಿಯಾನಾಳದು ಪೇಪರ್ ಪ್ಲೇಟ್. ಅದನ್ನು ಟೇಬಲ್ಲಿನ ಅಂಚಿಗಿಟ್ಟು, ಬೆರಳಿನಿಂದ ತಳ್ಳಿ, ಅಮ್ಮ ನಗುತ್ತಿದ್ದಳು. "ತಿನ್ನು ಡಿಯರ್, ಸಂಕೋಚ ಬೇಡ."

"ಯಾರೂ ಹೇಳಿಕೊಟ್ಟಿಲ್ಲ," ಎಂದಳು ನಿವೇದಿತಾ. ದನಿ ತೀರ ಸಣ್ಣಗಾಗಿತ್ತು.

ರಿಹರ್ಸಲ್ ಮುಗಿದು ಇಬ್ಬರೂ ಕೋಟು ತೆಗೆದುಕೊಳ್ಳುವಾಗ ಟಿಯಾನಾ ಅಂದಳು. "ನಿನ್ನ ಮಮ್ಮಿ ಹೀಗೇ ಇಡ್ತಾರೆ."

"ನನ್ನ ಮಮ್ಮಿ ಹಾಗಲ್ಲ! ಅದು, ತೊಳೆಯೋ ಕೆಲಸ ಇರಲ್ಲ ಅಂತ..."

"ನಿನ್ನ ತಟ್ಟೆ ತೊಳೀತಾರಲ್ಲ. ನಿಮ್ಮ ಕನ್ನಡದ ಹುಡುಗಿ ಅರ್ಪಿತಾ ಬಂದಾಗ ಅವಳದೂ ಸ್ಟೀಲ್ ತಟ್ಟೆನೇ."

"ಮತ್ತೆ ನೀನ್ಯಾಕೆ ಹೇಳಲಿಲ್ಲ?"

"ನೀನ್ಯಾಕೆ ನೋಡಲಿಲ್ಲ? ನನ್ನ ಪಕ್ಕದಲ್ಲೇ ಕೂತಿದ್ದೆ!"

ಟಿಯಾನಾ ಇಷ್ಟು ಜೋರಾಗಿ ಮಾತಾಡಿದ್ದನ್ನು ನಿವೇದಿತಾ ಯಾವತ್ತೂ ಕೇಳಿರಲಿಲ್ಲ.

"ಬಣ್ಣ ನೋಡಿ ಪಾರ್ಟ್ ಕೊಡ್ತಾರೆ ಅಂತ ಸ್ಕೂಲೆಲ್ಲ ಒಂದು ಮಾಡಿದೆ ನೀನು. ನಾನೂ ಖುಷಿ ಪಟ್ಟೆ. ನಮ್ಮೆಲ್ಲರ ಪರವಾಗಿ ಕೂಗ್ತಿದ್ದೀಯ ಅಂದ್ಕೊಂಡೆ." ಅವಳು ಕೋಟಿನ ಜಿಪ್ಪನ್ನು ಸರ್ರನೆ ಮೇಲಕ್ಕೆಳೆದಳು. "ನಿನಗೆ ಮೇಡಮ್ ಸಿಕ್ತು. ನನಗೆ ರೋಸಿ ಬಂತು. ಆಮೇಲೆ ನಿನ್ನ ಕೂಗೇ ಕೇಳಿಸಲಿಲ್ಲ."

ಅವಳು ಹೊರಟುಹೋದಳು.

ನಿವೇದಿತಾಳ ಸಿಟ್ಟು ಮೊದಲು ಟಿಯಾನಾಳ ಮೇಲೆ ಬಂತು. ಅಲ್ಲಿ ನಿಲ್ಲಲಿಲ್ಲ. ಮಿಸ್ ಹಾರ್ಪರ್ ಮೇಲೆ ಹೋಯಿತು. ಅಲ್ಲೂ ನಿಲ್ಲಲಿಲ್ಲ. ಗೇಟಿನ ಹೊರಗೆ ಅಮ್ಮನ ಕಾರು ಕಂಡಾಗ ಭಗ್ಗನೆ ಉರಿಯಿತು. ಬಾಗಿಲನ್ನು ದಢಾರನೆ ಹಾಕಿಕೊಂಡು ಒಳಗೆ ಕೂತಳು.

"ಹೆಂಗಾತು?" ಅಮ್ಮನ ಮುಖದಲ್ಲಿ ಹೆಮ್ಮೆ. "ನಾಟಕ ಬರದವ್ರು ಬಂದಿದ್ರಂತ? ಏನಂದ್ರು?"

"ನಾ ಮಾಡಿದ್ದು ಥೇಟ್ ಖರೇ ಮೇಡಮ್ ಹಂಗ ಇತ್ತಂತ."

"ನನಗ ಗೊತ್ತಿತ್ತು! ಯಾರನ್ನ ನೋಡಿ ಕಲ್ತಿ?"

"ನಿನ್ನ."

ಅಮ್ಮ ನಕ್ಕಳು. "ನಾನೇನು ಮೇಡಮ್ಮೇನು?"

ನಿವೇದಿತಾ ಹೇಳಿದಳು. ಟಿಯಾನಾ ಚಾಚಿದ ಕೈ, ಶನಿವಾರದ ಪೇಪರ್ ಪ್ಲೇಟು, ಟೇಬಲ್ಲಿನ ಅಂಚು, ಬೆರಳು, ನಗು. ಹೇಳುತ್ತ ಹೇಳುತ್ತ ಅಮ್ಮನ ನಗು ಎಲ್ಲಿ ನಿಂತಿತೋ, ಕಾರು ಸಿಗ್ನಲ್‌ನಲ್ಲಿ ಯಾವಾಗ ನಿಂತಿತೋ, ಅವಳಿಗೆ ತಿಳಿಯಲಿಲ್ಲ. ದೀಪ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದರು. ಅಮ್ಮನ ಕೈ ಸ್ಟಿಯರಿಂಗ್ ಮೇಲೆ ಹಾಗೇ ಇತ್ತು.

"ಅದು ಹಂಗಲ್ಲ ನಿವಿ," ಎಂದಳು ಅಮ್ಮ ಕೊನೆಗೆ. "ಅದು, ತೊಳಿಯೂ ಕೆಲಸ ಇರಂಗಿಲ್ಲಂತ..."

ಕೂಗಬೇಕೆಂದು ನಿವೇದಿತಾ ಬಾಯಿ ತೆರೆದಳು. ಎದೆಯ ತುಂಬ ಕೂಗಿತ್ತು. ಆದರೆ ಆ ಮಾತು ಅವಳಿಗೆ ತೀರ ಗುರುತಿನದಾಗಿತ್ತು.

"ನಾನೂ ಹಂಗ ಅಂದೆ ಮಮ್ಮಿ," ಎಂದಳು ಮೆಲ್ಲಗೆ. "ಟಿಯಾನಾಗ ನಾನೂ ಹಂಗ ಅಂದೆ."