ಮರಿ ಬಿಡಿಸಬಾರದ ಸೇವಂತಿಗೆ

“ಹೂವ ಎಷ್ಟಾರ ಹರ್ಕೋ. ಬುಡದಾಗಿನ ಮರಿ ಮಾತ್ರ ಬಿಡಸಬ್ಯಾಡ,” ಎಂದಳು ಅತ್ತೆ ಸುಶೀಲವ್ವ. “ನಮ್ಮ ನೆಗೆಣ್ಣಿ, ಮೈದುನನ ಹೇಣ್ತಿ ನೀಲವ್ವ ಹಚ್ಚಿದ ಗಿಡ ಅದು. ಏನೋ ಮಾಡ್ಸಿಟ್ಟ ಹೋಗ್ಯಾಳ.”

“ಸೇವಂತಿಗಿಗೂ ಬಾಣಂತನಾ ಮಾಡ್ತೀರೇನ್ರಿ ಅತ್ತಿ?” ಸೌಂದರ್ಯಾ ನಕ್ಕುಬಿಟ್ಟಳು.

ಹುಬ್ಬಳ್ಳಿಯ ಬಾಡಿಗೆ ಮನೆ ಬಿಟ್ಟು, ಗಂಡ ಕಾಶಿನಾಥ ಮತ್ತು ನಾಲ್ಕು ವರ್ಷದ ಮಗಳು ಶ್ರಾವಣಿಯೊಂದಿಗೆ ಅವಳು ಯರಗುಪ್ಪಿಗೆ ಬಂದು ತಿಂಗಳಾಗಿತ್ತು. ಹೂವಿನ ತೋಟ ಮಾಡುವ ಹಂಬಲ ಅವಳದು. ಹಿತ್ತಲ ಮೂಲೆಯ ಆ ಸೇವಂತಿಗೆಯಂಥ ಹಳದಿಯನ್ನು ಅವಳು ಯಾವ ಸಂತೆಯಲ್ಲೂ ಕಂಡಿರಲಿಲ್ಲ. ಹೂವು ಮುಗಿದ ಮೇಲೆ ಗಿಡವನ್ನು ನೆಲಮಟ್ಟಕ್ಕೆ ಕತ್ತರಿಸಿದರೆ ಬುಡದ ಸುತ್ತ ಮರಿ ಏಳುತ್ತವೆ. ಅವನ್ನು ತಾಯಿಬುಡದಿಂದ ಬಿಡಿಸಿ ನೆಟ್ಟರೆ ಮುಂದಿನ ತೋಟ. ಇಷ್ಟಕ್ಕೆ ಹೆದರುವುದೇ?

ಅತ್ತೆ ಮಠಕ್ಕೆ ಹೋದ ಮುಂಜಾನೆ ಕುರ್ಪಿ ಹಿಡಿದು ಕೂತಳು. ಎರೆಮಣ್ಣು ಸಡಿಲಾದಂತೆ ವಾಸನೆಯೊಂದು ಎದ್ದಿತು. ಮಣ್ಣಿನದಲ್ಲ, ಎದೆಹಾಲು ರವಿಕೆಯಲ್ಲಿ ಒಣಗಿ ಹುಳಿತ ವಾಸನೆ. ಬೇರುಗಳ ನಡುವೆ ಸೂಜಿ ಚುಚ್ಚಿದ ಕರೀ ಲಿಂಬೆಹಣ್ಣು, ಕೂಸಿನ ತಲೆಗೆ ಕಟ್ಟುವ ಕುಲಾಯಿ. ಎತ್ತಿ ಬದಿಗೆಸೆದಳು. ಮೊದಲ ಮರಿಯನ್ನು ಹರಿದಾಗ ಬೆಳ್ಳಗೆ ಹಾಲು ಜಿನುಗಿತು. ಸೇವಂತಿಗೆಗೆ ಹಾಲಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಆದರೂ ಕೈ ನಿಲ್ಲಲಿಲ್ಲ. ಇಪ್ಪತ್ತೊಂದು ಮರಿ ಬಿಡಿಸಿ ಪಕ್ಕದ ಮಡಿಯಲ್ಲಿ ನೆಟ್ಟಳು.

ಮಧ್ಯಾಹ್ನ ಅಜ್ಜಿಯೊಂದಿಗೆ ಅಂಗನವಾಡಿಯಿಂದ ಬಂದ ಶ್ರಾವಣಿ ಬಾಗಿಲಲ್ಲೇ ನಿಂತಳು. ಸೌಂದರ್ಯಾ ಎತ್ತಿಕೊಳ್ಳಲು ಹೋದರೆ ಅಜ್ಜಿಯ ಸೀರೆಯ ಹಿಂದೆ ಅಡಗಿದಳು.

“ಆಯಿ, ಇವ್ರ ಯಾರ?”

“ಹುಚ್ಚಿ, ನಿಮ್ಮವ್ವ.”

“ನಮ್ಮವ್ವ ಅಲ್ಲ.”

ಸುಶೀಲವ್ವ ಹಿತ್ತಲಿಗೆ ನಡೆದು, ಬಿದ್ದಿದ್ದ ಕುಲಾಯಿಯನ್ನು ಎತ್ತಿಕೊಂಡು ಕುಸಿದು ಕೂತಳು.

“ಕಾಶಿನಾಥ ನನ್ನ ಹೊಟ್ಯಾಗ ಹುಟ್ಟಿದವ ಅಲ್ಲ. ನೀಲವ್ವನ ಮಗ. ಆಕಿ ಗಂಡ ಸತ್ತಿದ್ದ, ನನಗ ಮಕ್ಕಳಿರಲಿಲ್ಲ. ಕೂಸನ್ನ ಎದಿಯಿಂದ ಬಿಡಿಸಿ ಆಕಿನ್ನ ತವರಿಗೆ ಕಳಿಸಿದ್ವಿ. ನಾಕ ವರ್ಷಕ್ಕ ನೋಡಾಕ ಬಂದ್ಲು. ‘ಯಾರ್ರಿ ನೀವು’ ಅಂದ ಇಂವ.” ಅವಳ ದನಿ ಇಳಿಯಿತು. “ಹಂಗ ಅನ್ನಾಕ ಕಲಿಸಿದಾಕಿ ನಾನ. ತಾಯಿ-ಮರಿ ಅಗಲಿಸಿದಾಕಿನ್ನ ಆಕಿ ಕೂಸು ಗುರುತ ಹಿಡಿಯದಿರಲಿ ಅಂತ ಶಾಪ ಹಾಕಿ, ಇದನ್ನ ಹುಗದು, ಮ್ಯಾಲ ಗಿಡ ಹಚ್ಚಿ ಹೋದ್ಲು. ಮುಂದ ತವರಾಗ ತೀರಿಕೊಂಡ್ಲು.”

ಸೌಂದರ್ಯಾ ಮಡಿಗೆ ಓಡಿದಳು. ಮರಿಗಳನ್ನು ಕಿತ್ತಳು. ತಾಯಿಬುಡ ಆಗಲೇ ಕಪ್ಪಾಗಿತ್ತು. ಅದರ ಸುತ್ತ ತುರುಕಿದಳು. ಮಣ್ಣೆಳೆದಳು. ಒಂದು. ಮತ್ತೊಂದು. ನೆಲದೊಳಗಿಂದ ಗುನುಗು. ಜೋಗುಳ. ಬೆರಳುಗಳನ್ನು ಯಾರೋ ಹಿಡಿದರು. ತಣ್ಣನೆಯ ಕೈ. ಎಳೆಯಲಿಲ್ಲ. ನೋಯಿಸಲಿಲ್ಲ. ಸುಮ್ಮನೆ ಹಿಡಿದುಕೊಂಡಿತು, ಕೂಸು ಕಳಕೊಂಡವಳು ಕಳಕೊಂಡ ಇನ್ನೊಬ್ಬಳನ್ನು ಹಿಡಿಯುವ ಹಾಗೆ.

“ನೀಲವ್ವತ್ತಿ, ನನ್ನ ಮಗಳನ್ನ ಕೊಡ್ರಿ.”

ಜೋಗುಳ ನಿಂತಿತು. ಕೈ ಸಡಿಲಿತು.

ಕಾಶಿನಾಥ ಮಗಳನ್ನು ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸಿದ. ಹುಡುಗಿಗೆ ಏನೂ ಆಗಿಲ್ಲ ಎಂದರು. ಅವಳು ಎಲ್ಲರ ಹೆಸರನ್ನೂ ಹೇಳುತ್ತಿದ್ದಳು, ಒಬ್ಬರದನ್ನು ಬಿಟ್ಟು. ಸುಶೀಲವ್ವನನ್ನೇ “ಅವ್ವ” ಎನ್ನತೊಡಗಿದಳು. ಹಾಗೆ ಕರೆದಾಗಲೆಲ್ಲ ಮುದುಕಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು.

ತಾಯಿಬುಡ ಮತ್ತೆ ಚಿಗುರಲಿಲ್ಲ. ಮರಿಗಳು ಮಾತ್ರ ದೀಪಾವಳಿಗೆ ಹಿತ್ತಲ ತುಂಬ ಹಳದಿ ಚೆಲ್ಲಿದವು. ಅವುಗಳ ನಡುವೆ ಕಳೆ ತೆಗೆಯುತ್ತಿದ್ದ ಸೌಂದರ್ಯಾಳ ಮುಂದೆ ಶ್ರಾವಣಿ ನೀರಿನ ತಂಬಿಗೆ ಹಿಡಿದು ನಿಂತಳು.

“ಬಿಸಲಾಗ ಕುಂತೀರಿ. ನೀರ ಕುಡೀರಿ.”

ತಂಬಿಗೆ ಕೊಡುವಾಗ ಪುಟ್ಟ ಬೆರಳು ತಾಗಿತು. ಸೌಂದರ್ಯಾ ಹಿಡಿಯಲಿಲ್ಲ. ಹಿಡಿದರೆ ಹೆದರಿ ಓಡುತ್ತಾಳೆಂದು ಅವಳು ಕಲಿತಿದ್ದಳು.

“ನೀವು ಯಾರ ಮನ್ಯಾವ್ರರಿ?” ಮಗಳು ಕೇಳಿದಳು.